ಕುಮಟಾದಿಂದ ಮಣಿಪಾಲ, ಬೆಂಗಳೂರು: ರೈಲೋ, ಕಾರೋ?

ಅಘನಾಶಿನಿ ದಂಡೆ (ಪ್ರಶ್ನೆ)

ಮನೆ ಕುಮಟಾ ಪೇಟೆಯಲ್ಲಿ. ಅಪ್ಪನಿಗೆ 72, ಆಯಿಗೆ 66. ಇನ್ನು ಮುಂದೆ ತಿಂಗಳಿಗೊಂದು ಸಲ ಅಪ್ಪನನ್ನು ಮಣಿಪಾಲದ ಆಸ್ಪತ್ರೆಗೆ ತೋರಿಸಬೇಕು. ಎರಡು ಮೂರು ತಿಂಗಳಿಗೊಮ್ಮೆ ನಾಲ್ವರೂ ಬೆಂಗಳೂರಿಗೆ ಹೋಗಿ ಬರುವುದೂ ಇದೆ. ಮನೆಯಲ್ಲಿರುವುದು ಚಿಕ್ಕ ಪೆಟ್ರೋಲ್ ಕಾರು, ಹೆದ್ದಾರಿಯಲ್ಲಿ ಲೀಟರ್‌ಗೆ 16 ಕಿ.ಮೀ. ಕೊಡುತ್ತದೆ.

ಎರಡೂ ಕಡೆಗೆ ರೈಲು ಒಳ್ಳೆಯದೋ ಕಾರು ಒಳ್ಳೆಯದೋ? ಹೊತ್ತು, ದುಡ್ಡು, ವಯಸ್ಸಾದವರ ಅನುಕೂಲ, ಮೂರನ್ನೂ ನೋಡಿ ಹೇಳಿ. "ರೈಲು ಆರಾಮು" ಎನ್ನುವಷ್ಟು ನಮಗೂ ಗೊತ್ತು. ಯಾವ ರೈಲು, ಎಲ್ಲಿ ಹತ್ತಬೇಕು, ಯಾವುದು ಕೈಕೊಡುತ್ತದೆ ಎನ್ನುವ ವಿವರ ಬೇಕು. ಮಳೆಗಾಲದಲ್ಲಿ ಏನು ಮಾಡಬೇಕು ಎನ್ನುವುದೂ ಬೇಕು.


ಕೊಂಕಣ ಹಳಿ

ಮೊದಲು ಮಣಿಪಾಲದ್ದು ನೋಡೋಣ. ಇಲ್ಲಿ ರೈಲು ಎಷ್ಟು ಜೋರಾಗಿ ಓಡುತ್ತದೆ ಎನ್ನುವುದಕ್ಕಿಂತ ಉಡುಪಿಗೆ ಎಷ್ಟು ಗಂಟೆಗೆ ತಲುಪಿಸುತ್ತದೆ ಎನ್ನುವುದೇ ಮುಖ್ಯ. ಹೊರರೋಗಿ ವಿಭಾಗದ ಕೆಲಸವೆಲ್ಲ ಬೆಳಗಿನದು. ಹನ್ನೊಂದು ಗಂಟೆಗೆ ಉಡುಪಿಯಲ್ಲಿ ಇಳಿಸುವ ರೈಲು ಎಷ್ಟೇ ವೇಗದ್ದಾದರೂ ನಿಮ್ಮ ಉಪಯೋಗಕ್ಕೆ ಬಾರದು.

ನಿಮಗೆ ಹೊಂದುವುದು ಮತ್ಸ್ಯಗಂಧ. 12620 ಮುಂಬೈನ ಲೋಕಮಾನ್ಯ ತಿಲಕ ಟರ್ಮಿನಸ್‌ನಿಂದ ಹಿಂದಿನ ಮಧ್ಯಾಹ್ನ ಹೊರಟು, ಬೆಳಗಿನ ಜಾವ ಕಾರವಾರ, ಕುಮಟಾ ದಾಟಿ, ಬೆಳಿಗ್ಗೆ ಉಡುಪಿ ಮುಟ್ಟುತ್ತದೆ. ಮರಳುವಾಗ 12619. ಅದು ಮಂಗಳೂರು ಸೆಂಟ್ರಲ್‌ನಿಂದ ಮಧ್ಯಾಹ್ನ ಹೊರಟು ಸಂಜೆಯ ಹೊತ್ತಿಗೆ ಕುಮಟಾಕ್ಕೆ ಬರುತ್ತದೆ. ಒಂದೇ ದಿನದಲ್ಲಿ ಹೋಗಿ ಬರಲು ಇದಕ್ಕಿಂತ ಒಳ್ಳೆಯ ಜೋಡಿ ನಮ್ಮ ಕರಾವಳಿಯಲ್ಲಿಲ್ಲ.

ಆದರೆ ಈ ಜೋಡಿಗೆ ಎರಡು ತೊಡಕು. ಒಂದು, ಡಾಕ್ಟರು ನೋಡಿ, ರಕ್ತ ಕೊಟ್ಟು, ರಿಪೋರ್ಟ್ ಬಂದು, ಮತ್ತೆ ಡಾಕ್ಟರಿಗೆ ತೋರಿಸುವಷ್ಟರಲ್ಲಿ ಮಧ್ಯಾಹ್ನದ ಗಾಡಿಯ ಹೊತ್ತು ದಾಟಿದರೆ 12619 ತಪ್ಪುತ್ತದೆ. ರಕ್ತ ಪರೀಕ್ಷೆಯನ್ನು ಎರಡು ದಿನ ಮೊದಲು ಕುಮಟಾದಲ್ಲೇ ಮಾಡಿಸಿ ಒಯ್ಯಬಹುದೇ ಎಂದು ಡಾಕ್ಟರನ್ನು ಕೇಳಿ. ಅವರು ಒಪ್ಪಿದರೆ ಮಧ್ಯಾಹ್ನದೊಳಗೆ ಕೆಲಸ ಮುಗಿಯುವ ಸಂಭವ ಜಾಸ್ತಿ. ಎರಡು, ಮುಂಬೈಯಿಂದ ರಾತ್ರಿಯಿಡೀ ಓಡಿ ಬರುವ ಗಾಡಿ ಕುಮಟಾಕ್ಕೆ ಬರುವಷ್ಟರಲ್ಲಿ ತಡವಾಗಿರಬಹುದು. ಮನೆ ಬಿಡುವ ಮೊದಲು ಫೋನಿನಲ್ಲಿ ರೈಲಿನ ಈಗಿನ ಸ್ಥಿತಿ ನೋಡಿಕೊಳ್ಳಿ. ಮಡಗಾಂವ್ ಎಷ್ಟು ಹೊತ್ತಿಗೆ ಬಿಟ್ಟಿತು ಎನ್ನುವುದನ್ನು ನೋಡಿದರೆ ಸಾಕು, ಕುಮಟಾದ ಸಮಯ ಹೆಚ್ಚು ಕಡಿಮೆ ಸರಿಯಾಗಿ ಸಿಗುತ್ತದೆ.

ತಡವಾಗುವುದಕ್ಕೆ ಕಾರಣ ತಿಳಿದಿದ್ದರೆ ಅಂದಾಜು ಸುಲಭ. ಕೊಂಕಣ ರೈಲ್ವೆಯಲ್ಲಿ ಮಹಾರಾಷ್ಟ್ರದ ರೋಹಾ–ವೀರ್ ನಡುವಿನ ತುಂಡು ಬಿಟ್ಟರೆ ನಮ್ಮ ಕಡೆಗೆಲ್ಲ ಒಂದೇ ಹಳಿ. ಎದುರಿನ ಗಾಡಿಗೆ ದಾರಿ ಬಿಡಬೇಕೆಂದರೆ ಸ್ಟೇಶನ್ನಿನ ಪಕ್ಕದ ಹಳಿಯಲ್ಲಿ ನಿಂತು ಕಾಯಬೇಕು. ಇದೇ ಕ್ರಾಸಿಂಗ್. ಒಂದು ಗಾಡಿ ಹತ್ತು ನಿಮಿಷ ಹಿಂದೆ ಬಿದ್ದರೆ ಅದರ ಕ್ರಾಸಿಂಗ್ ಬೇರೆ ಸ್ಟೇಶನ್ನಿಗೆ ಹೋಗುತ್ತದೆ, ಅಲ್ಲಿ ಮತ್ತೆ ಕಾಯಬೇಕು, ಹತ್ತು ನಿಮಿಷದ ತಡ ಮೂವತ್ತಾಗುತ್ತದೆ. 2022ರಲ್ಲಿ ಇಡೀ ಮಾರ್ಗಕ್ಕೆ ವಿದ್ಯುತ್ ಬಂತು, ಡೀಸೆಲ್ ಎಂಜಿನ್ ಹೋಯಿತು. ಒಂಟಿ ಹಳಿಯ ಈ ತಾಪತ್ರಯ ಮಾತ್ರ ಅದರಿಂದ ಹೋಗಲಿಲ್ಲ.

ವಂದೇ ಭಾರತ್ ಬಗ್ಗೆ ಬಹಳ ಜನ ಕೇಳುತ್ತಾರೆ. ಮಂಗಳೂರು–ಮಡಗಾಂವ್ ವಂದೇ ಭಾರತ್ 2023ರ ಡಿಸೆಂಬರ್ 30ರಂದು ಶುರುವಾಯಿತು. ಉಡುಪಿಯಲ್ಲೂ ಕಾರವಾರದಲ್ಲೂ ನಿಲ್ಲುತ್ತದೆ. ಆದರೆ ಅದು ಬೆಳಿಗ್ಗೆ ಮಂಗಳೂರಿನಿಂದ ಹೊರಡುತ್ತದೆ, ಸಂಜೆ ಮಡಗಾಂವ್‌ನಿಂದ ತಿರುಗುತ್ತದೆ. ಮಂಗಳೂರಿನವರು ಗೋವಾಕ್ಕೆ ಹೋಗಿ ಬರಲು ಇಟ್ಟ ಸಮಯ ಅದು. ನಮ್ಮ ಜಿಲ್ಲೆಯಿಂದ ಆಸ್ಪತ್ರೆಗೆ ಹೋಗುವವರಿಗೆ ಪೂರ್ತಿ ಉಲ್ಟಾ, ಉಡುಪಿ ಮುಟ್ಟುವಾಗ ರಾತ್ರಿ. ಮರುದಿನದ ಅಪಾಯಿಂಟ್‌ಮೆಂಟಿಗೆ ಹಿಂದಿನ ದಿನವೇ ಹೋಗಿ ಉಳಿಯುವ ಕಾರವಾರದವರಿಗಾದರೆ ಅಡ್ಡಿಲ್ಲ.

ಉಡುಪಿ ಸ್ಟೇಶನ್ ಇರುವುದು ಇಂದ್ರಾಳಿಯಲ್ಲಿ, ಉಡುಪಿ–ಮಣಿಪಾಲ ರಸ್ತೆಯ ಹತ್ತಿರವೇ. ಅಲ್ಲಿಂದ ಆಸ್ಪತ್ರೆಗೆ ಆಟೋದಲ್ಲಿ ಹತ್ತು ಹದಿನೈದು ನಿಮಿಷ. ರೈಲಿನ ಪರವಾಗಿ ಇದೊಂದು ದೊಡ್ಡ ಮಾತು. ಪೇಟೆಯಿಂದ ದೂರವಿರುವ ಸ್ಟೇಶನ್ನುಗಳೇ ಹೆಚ್ಚಿರುವ ಮಾರ್ಗದಲ್ಲಿ ಈ ಒಂದು ಕಡೆ ರೋಗಿಗೆ ಅನುಕೂಲ ಒದಗಿದೆ.


ಲೆಕ್ಕದ ಪಟ್ಟಿ

ದುಡ್ಡಿನ ವಿಚಾರ ನಾನು ಬರೆಯುತ್ತೇನೆ. "ರೈಲು ಅಗ್ಗ" ಎನ್ನುವುದು ಒಬ್ಬರಿಗೆ ಸರಿ, ನಾಲ್ವರಿಗೆ ಯಾವಾಗಲೂ ಸರಿಯಲ್ಲ.

ಕುಮಟಾ–ಮಣಿಪಾಲ ರಸ್ತೆಯಲ್ಲಿ ಹೋಗಿ ಬರಲು ಸುಮಾರು 290 ಕಿ.ಮೀ. ಹಿಡಿಯಿರಿ. 16ರ ಮೈಲೇಜಿಗೆ 18 ಲೀಟರ್. ಲೀಟರ್‌ಗೆ 103 ರೂ. ಆದರೆ ಸುಮಾರು 1,870 ರೂ. ಟೋಲ್ ಒಂದು ಕಡೆಗೆ ಮೂರು: ಹೊಳೆಗದ್ದೆ, ಶಿರೂರು, ಸಾಸ್ತಾನ. ಹೋಗಿ ಬರಲು ಆರು ಸಲ ದಾಟಬೇಕು.

ಇಲ್ಲಿ ಫಾಸ್ಟ್ಯಾಗ್‌ನ ವಾರ್ಷಿಕ ಪಾಸ್ ನೆನಪಿಡಿ. 2025ರ ಆಗಸ್ಟ್ 15ರಂದು ಖಾಸಗಿ ಕಾರುಗಳಿಗೆ ಇದು ಜಾರಿಗೆ ಬಂದಾಗ ದರ 3,000 ರೂ., 200 ಟ್ರಿಪ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ರಾಷ್ಟ್ರೀಯ ಹೆದ್ದಾರಿಯಲ್ಲಿ ಒಂದು ಟೋಲ್ ದಾಟಿದರೆ ಒಂದು ಟ್ರಿಪ್ ಎಂದು ಲೆಕ್ಕ. ಅಂದರೆ ಆ ದರದಲ್ಲಿ ಒಂದು ದಾಟಿಗೆ 15 ರೂ. ನಿಮ್ಮ ಮಣಿಪಾಲದ ಆರು ದಾಟಿಗೆ 90 ರೂ. ವರ್ಷಕ್ಕೆ 12 ಸಲ ಹೋದರೆ 72 ಟ್ರಿಪ್, ಬೆಂಗಳೂರಿನ ಓಡಾಟವೂ ಸೇರಿದರೆ ಪಾಸ್ ಖಂಡಿತ ವಸೂಲಾಗುತ್ತದೆ. ಪಾಸ್ ಬೇಡವೆಂದರೆ, ಹೋದ ಟೋಲಿಗೆ 24 ಗಂಟೆಯೊಳಗೆ ವಾಪಸ್ ಬಂದಾಗ ಎರಡೂ ಸೇರಿ ಒಂದೂವರೆ ಪಟ್ಟು ಮಾತ್ರ ಕಡಿತವಾಗಬೇಕು. ಫೋನಿಗೆ ಬರುವ ಮೆಸೇಜಿನಲ್ಲಿ ಅದನ್ನು ನೋಡಿಕೊಳ್ಳಿ. ರಾಜ್ಯ ಹೆದ್ದಾರಿಯ ಟೋಲಿಗೆ ಈ ಪಾಸ್ ನಡೆಯುವುದಿಲ್ಲ, ಅಲ್ಲಿ ಫಾಸ್ಟ್ಯಾಗ್‌ನಿಂದ ಮಾಮೂಲಿನ ಹಾಗೆ ಹಣ ಹೋಗುತ್ತದೆ.

ಇನ್ನು ಯಾರೂ ಹಿಡಿಯದ ಖರ್ಚು ಟಯರು, ಸರ್ವಿಸು, ಬ್ರೇಕು. ನಾಲ್ಕು ಟಯರಿಗೆ 20,000 ರೂ., 40,000 ಕಿ.ಮೀ. ಓಡಿದವು ಎಂದರೆ ಅಲ್ಲೇ ಕಿಲೋಮೀಟರಿಗೆ 50 ಪೈಸೆ. ಸರ್ವಿಸ್, ಆಯಿಲ್, ಬ್ರೇಕ್ ಪ್ಯಾಡ್ ಸೇರಿಸಿ ಒಟ್ಟು ಒಂದೂವರೆ ರೂಪಾಯಿ ಹಿಡಿದರೆ 290ಕ್ಕೆ 435 ರೂ. ಅಲ್ಲಿಗೆ ಕಾರಿನ ಒಂದು ಮಣಿಪಾಲ ಟ್ರಿಪ್ ಸುಮಾರು 2,400 ರೂ. ಒಬ್ಬರು ಕೂತರೂ ಅಷ್ಟೇ, ನಾಲ್ವರು ಕೂತರೂ ಅಷ್ಟೇ.

ರೈಲಿಗೆ ಬನ್ನಿ. ಮತ್ಸ್ಯಗಂಧದ ಸ್ಲೀಪರ್‌ಗೆ ಕುಮಟಾ–ಉಡುಪಿ ತಲೆಗೆ 200 ರೂ. ಆಸುಪಾಸು. ಇಷ್ಟು ಹತ್ತಿರಕ್ಕೆ ಇಷ್ಟೇಕೆ ಎಂದರೆ ಕಾರಣ ಎರಡು. ಸ್ಲೀಪರ್‌ಗೆ ಕನಿಷ್ಠ 200 ಕಿ.ಮೀ. ದರ ಹಾಕುತ್ತಾರೆ. ಜೊತೆಗೆ ಕೊಂಕಣ ರೈಲ್ವೆಯಲ್ಲಿ ದರ ಕಟ್ಟುವ ದೂರವೇ ನಿಜವಾದ ದೂರಕ್ಕಿಂತ ಹೆಚ್ಚು. ಟಿಕೆಟ್ ಮೇಲಿನ ಕಿಲೋಮೀಟರನ್ನು ನಕ್ಷೆಯ ಜೊತೆ ಹೋಲಿಸಿದರೆ ಕಾಣುತ್ತದೆ. ಮೂವರು ಹೋಗಿ ಬಂದರೆ 1,200. ಎರಡೂ ಕಡೆಯ ಆಟೋ ಒಟ್ಟು 500–600 ಹಿಡಿಯಿರಿ. ಸುಮಾರು 1,800 ಆಯಿತು. ಕಾರಿಗೂ ರೈಲಿಗೂ 600 ರೂ. ವ್ಯತ್ಯಾಸ. ಅಪ್ಪ ಮತ್ತು ನೀವು ಇಬ್ಬರೇ ಹೋದರೆ ರೈಲಿಗೆ 1,400, ಕಾರಿಗೆ ಅದೇ 2,400. ನಾಲ್ವರಾದರೆ ಸರಿಸುಮಾರು ಸಮಾಸಮ.

ಜನರಲ್ ಟಿಕೆಟ್ ಇದರ ಅರ್ಧಕ್ಕೂ ಕಡಿಮೆ. ಆದರೆ ಮುಂಬೈಯಿಂದ ತುಂಬಿ ಬರುವ ಗಾಡಿಯ ಜನರಲ್ ಡಬ್ಬಿಗೆ 72 ವರ್ಷದವರನ್ನು ಹತ್ತಿಸಬೇಡಿ.

ಒಂದು ರಿಯಾಯಿತಿ ಇದೆ, ಬಹಳ ಮಂದಿಗೆ ಗೊತ್ತಿಲ್ಲ. ಹಿರಿಯ ನಾಗರಿಕರ ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತಿತು. ರೋಗಿಗಳ ರಿಯಾಯಿತಿ ನಿಂತಿಲ್ಲ. ಕ್ಯಾನ್ಸರ್ ಚಿಕಿತ್ಸೆ, ಡಯಾಲಿಸಿಸ್, ಹೃದಯದ ಶಸ್ತ್ರಚಿಕಿತ್ಸೆಯಂಥ ಕಾರಣಗಳಿಗೆ ರೋಗಿಗೂ ಜೊತೆಗೆ ಹೋಗುವ ಒಬ್ಬರಿಗೂ ದೊಡ್ಡ ರಿಯಾಯಿತಿ ಸಿಗುತ್ತದೆ. ರೈಲ್ವೆಯ ನಿಗದಿತ ನಮೂನೆಯಲ್ಲೇ ಆಸ್ಪತ್ರೆಯ ಪ್ರಮಾಣಪತ್ರ ಬೇಕು, ಬೇರೆ ಚೀಟಿ ನಡೆಯುವುದಿಲ್ಲ. ಅದನ್ನು ಹಿಡಿದುಕೊಂಡು ಸ್ಟೇಶನ್ ಕೌಂಟರಿನಲ್ಲಿ ಟಿಕೆಟ್ ತೆಗೆಸಿ. ಅಪ್ಪನ ಕಾಯಿಲೆ ಆ ಪಟ್ಟಿಯಲ್ಲಿದ್ದರೆ ನನ್ನ ಮೇಲಿನ ಲೆಕ್ಕವೆಲ್ಲ ರೈಲಿನ ಕಡೆಗೆ ವಾಲುತ್ತದೆ.


ಅಘನಾಶಿನಿ ದಂಡೆ

ಬಹಳ ಉಪಕಾರವಾಯಿತು. ಬೆಂಗಳೂರಿನದ್ದೂ ಹೇಳಿ. ಪಂಚಗಂಗಾ ರೈಲು ಎಂದರೆ ಸೀಟೇ ಸಿಗುವುದಿಲ್ಲ ಎನ್ನುತ್ತಾರೆ. ಆಯಿಗೆ ಮೇಲಿನ ಬರ್ತ್ ಹತ್ತಲು ಆಗುವುದಿಲ್ಲ.


ಕೊಂಕಣ ಹಳಿ

ಪಂಚಗಂಗಾ 16596 ಸಂಜೆ ಕಾರವಾರ ಬಿಟ್ಟು ಬೆಳಿಗ್ಗೆ ಬೆಂಗಳೂರಿಗೆ, 16595 ಸಂಜೆ ಬೆಂಗಳೂರು ಬಿಟ್ಟು ಬೆಳಿಗ್ಗೆ ಕಾರವಾರಕ್ಕೆ. ನಕ್ಷೆ ನೋಡಿದರೆ ಸುತ್ತು ಎನ್ನಿಸುತ್ತದೆ, ನಿಜವಾಗಿಯೂ ಸುತ್ತೇ. ದಕ್ಷಿಣಕ್ಕೆ ಸುರತ್ಕಲ್ ತನಕ ಹೋಗಿ, ಮಂಗಳೂರಿನ ಸ್ಟೇಶನ್ನಿಗೆ ಹೊಗದೆ ಪಡೀಲ್ ಮೇಲಿಂದ ತಿರುಗಿ, ಸುಬ್ರಹ್ಮಣ್ಯ ರೋಡ್, ಸಕಲೇಶಪುರ, ಹಾಸನ ದಾಟಿ ಹೋಗುತ್ತದೆ. ಸುಬ್ರಹ್ಮಣ್ಯ ರೋಡ್‌ನಿಂದ ಸಕಲೇಶಪುರದವರೆಗಿನ 55 ಕಿ.ಮೀ. ಘಟ್ಟದಲ್ಲಿ 57 ಸುರಂಗ, 50 ಮೀಟರ್ ಮುಂದೆ ಹೋದರೆ ಒಂದು ಮೀಟರ್ ಏರು. ಗಂಟೆಗೆ 30 ಕಿ.ಮೀ. ಮೇಲೆ ಓಡಿಸುವಂತಿಲ್ಲ. ಅಷ್ಟು ದೂರಕ್ಕೇ ಎರಡು ಗಂಟೆಗೂ ಹೆಚ್ಚು ಹೋಗುತ್ತದೆ. ಆದರೆ ಅದೆಲ್ಲ ನೀವು ಮಲಗಿರುವ ಹೊತ್ತು. ಕುಮಟಾದಿಂದ ಹನ್ನೆರಡು ಗಂಟೆಯ ಪ್ರಯಾಣದಲ್ಲಿ ಏಳೆಂಟು ಗಂಟೆ ನಿದ್ದೆಗೆ ಸಲ್ಲುತ್ತದೆ. ಕಾರಿನ ಒಂಬತ್ತು ಹತ್ತು ಗಂಟೆ ಎಂದರೆ ಇಡೀ ಒಂದು ಹಗಲು, ಓಡಿಸುವವರಿಗೆ ಮರುದಿನದ ಅರ್ಧವೂ ಹೋದಂತೆ.

ಸೀಟಿನ ವಿಷಯ. ಬುಕಿಂಗ್ 60 ದಿನ ಮೊದಲು ಬೆಳಿಗ್ಗೆ 8ಕ್ಕೆ ತೆರೆಯುತ್ತದೆ. 2024ರ ನವೆಂಬರ್‌ಗೆ ಮೊದಲು 120 ದಿನ ಇತ್ತು. ಯುಗಾದಿ, ಗಣೇಶ ಚೌತಿ, ದೀಪಾವಳಿ, ಮೇ ತಿಂಗಳ ರಜೆ, ಇಷ್ಟಕ್ಕೆ ಆ ಬೆಳಿಗ್ಗೆಯೇ ಕೂರಬೇಕು. ಉಳಿದ ದಿನಗಳಲ್ಲಿ ಶುಕ್ರವಾರ ಮತ್ತು ಭಾನುವಾರದ ರಾತ್ರಿ ಬಿಟ್ಟು ನೋಡಿದರೆ ಮೂರು ವಾರ ಮೊದಲೂ ಸಿಗುವುದುಂಟು.

ವೇಟಿಂಗ್ ಬಂದರೆ ಯಾವ ವೇಟಿಂಗ್ ಎಂದು ನೋಡಿ. ಜಿಎನ್‌ಡಬ್ಲ್ಯುಎಲ್ (ಸಾಮಾನ್ಯ ವೇಟಿಂಗ್ ಪಟ್ಟಿ) ಎಂದಿದ್ದರೆ ಕನ್ಫರ್ಮ್ ಆಗುವ ಸಂಭವ ಹೆಚ್ಚು. ಪಿಕ್ಯುಡಬ್ಲ್ಯುಎಲ್ ಅಥವಾ ಆರ್‌ಎಲ್‌ಡಬ್ಲ್ಯುಎಲ್ ಎಂದಿದ್ದರೆ ಕಡಿಮೆ, ಏಕೆಂದರೆ ಮಧ್ಯದ ಸ್ಟೇಶನ್ನುಗಳ ಸಣ್ಣ ಕೋಟಾದಲ್ಲಿ ಯಾರಾದರೂ ರದ್ದು ಮಾಡಿದರೆ ಮಾತ್ರ ಅದು ಮುಂದೆ ಸರಿಯುತ್ತದೆ. ಕುಮಟಾದಿಂದ ಹುಡುಕಿದಾಗ ಸೀಟಿಲ್ಲ ಎಂದರೆ ಕಾರವಾರದಿಂದ ಹುಡುಕಿ ನೋಡಿ. ಅಲ್ಲಿಂದ ಸಿಕ್ಕರೆ ಕಾರವಾರ–ಬೆಂಗಳೂರು ಟಿಕೆಟ್ ತೆಗೆದು ಬೋರ್ಡಿಂಗ್ ಪಾಯಿಂಟ್ ಕುಮಟಾ ಎಂದು ಹಾಕಿ. ದರದ ವ್ಯತ್ಯಾಸ ಅಲ್ಪ. ಬುಕ್ ಮಾಡುವಾಗಲೇ ಹಾಕುವುದನ್ನು ಮರೆಯಬೇಡಿ. ಕಾರವಾರದಲ್ಲಿ ಯಾರೂ ಹತ್ತದಿದ್ದರೆ ಟಿಟಿಇ ಆ ಬರ್ತನ್ನು ಬೇರೆಯವರಿಗೆ ಕೊಡಬಹುದು.

ವೇಟಿಂಗ್ ಟಿಕೆಟ್ ಇಟ್ಟುಕೊಂಡು ಸ್ಲೀಪರ್ ಅಥವಾ ಎಸಿ ಡಬ್ಬಿ ಹತ್ತುವಂತಿಲ್ಲ. ಆನ್‌ಲೈನ್ ವೇಟಿಂಗ್ ಟಿಕೆಟ್ ಚಾರ್ಟ್ (ಪ್ರಯಾಣಿಕರ ಕೊನೆಯ ಪಟ್ಟಿ) ಆದಾಗ ತಾನಾಗಿ ರದ್ದಾಗುತ್ತದೆ, ಹಣ ವಾಪಸ್ ಬರುತ್ತದೆ. ತತ್ಕಾಲ್ ಹಿಂದಿನ ದಿನ, ಎಸಿಗೆ 10ಕ್ಕೆ, ಸ್ಲೀಪರ್‌ಗೆ 11ಕ್ಕೆ. 2025ರ ಜುಲೈನಿಂದ ಆಧಾರ್ ಜೋಡಿಸಿದ ಖಾತೆಗೆ ಮಾತ್ರ ಆನ್‌ಲೈನ್ ತತ್ಕಾಲ್. ಆ ಜೋಡಣೆಯನ್ನು ಇವತ್ತೇ ಮಾಡಿಟ್ಟುಕೊಳ್ಳಿ. ತತ್ಕಾಲ್ ತೆರೆಯುವ ಹೊತ್ತಿಗೆ ಮಾಡಲು ಕೂತರೆ ಆಗುವುದಿಲ್ಲ.

ಕೆಳಗಿನ ಬರ್ತ್: 60 ದಾಟಿದ ಗಂಡಸರಿಗೂ 45 ದಾಟಿದ ಹೆಂಗಸರಿಗೂ ಕೆಳಗಿನ ಬರ್ತಿನ ಪ್ರತ್ಯೇಕ ಕೋಟಾ ಇದೆ. ಷರತ್ತು ಏನೆಂದರೆ ಆ ಟಿಕೆಟ್ಟಿನಲ್ಲಿ ಅಂಥವರು ಒಬ್ಬರು ಅಥವಾ ಇಬ್ಬರು ಮಾತ್ರ ಇರಬೇಕು. ನಾಲ್ವರನ್ನೂ ಒಂದೇ ಪಿಎನ್‌ಆರ್‌ಗೆ ಹಾಕಿದರೆ ಆ ಕೋಟಾ ಸಿಗುವುದಿಲ್ಲ, ಆಯಿಗೆ ಮಧ್ಯದ್ದೋ ಮೇಲಿನದ್ದೋ ಬರುತ್ತದೆ. ಮನೆಯವರೆಲ್ಲ ಒಟ್ಟಿಗಿರಲಿ ಎಂದು ಒಂದೇ ಟಿಕೆಟ್ ಮಾಡುವ ತಪ್ಪು ಬಹಳ ಕಾಣುತ್ತದೆ. ಅಪ್ಪ–ಆಯಿ ಒಂದು ಟಿಕೆಟ್, ನೀವಿಬ್ಬರು ಇನ್ನೊಂದು. ಡಬ್ಬಿ ಬೇರೆಯಾದರೆ ಹತ್ತಿದ ಮೇಲೆ ಯಾರ ಜೊತೆಗಾದರೂ ಬದಲಾಯಿಸಿಕೊಳ್ಳಬಹುದು. ಕೆಳಗಿನ ಬರ್ತನ್ನು ಹಾಗೆ ಬದಲಾಯಿಸಿಕೊಳ್ಳುವುದೇ ಕಷ್ಟ.

ಕುಮಟಾದಲ್ಲಿ ಗಾಡಿ ನಿಲ್ಲುವುದು ಸುಮಾರು ಎರಡು ನಿಮಿಷ. ಅಪ್ಪನನ್ನು ಪ್ಲಾಟ್‌ಫಾರ್ಮಿನಲ್ಲಿ ಓಡಿಸುವ ಹಾಗಾಗಬಾರದು. ಇಪ್ಪತ್ತು ನಿಮಿಷ ಮೊದಲು ಹೋಗಿ, ನಿಮ್ಮ ಡಬ್ಬಿ ಎಲ್ಲಿ ನಿಲ್ಲುತ್ತದೆಂದು ಕೇಳಿ ಅಲ್ಲೇ ಕೂರಿಸಿ. ಚೀಲಗಳು ಚಿಕ್ಕವಿರಲಿ, ಎರಡು ಇದ್ದರೂ ಪರವಾಗಿಲ್ಲ. ದೊಡ್ಡ ಒಂದು ಪೆಟ್ಟಿಗೆ ಬಾಗಿಲಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಸ್ಲೀಪರ್ ಮತ್ತು ತ್ರೀ ಎಸಿಯಲ್ಲಿ ತಲೆಗೆ 40 ಕೆ.ಜಿ. ತನಕ ಶುಲ್ಕವಿಲ್ಲ. ಹಲಸಿನ ಹಪ್ಪಳ, ಅಕ್ಕಿ, ತೆಂಗಿನಕಾಯಿ ಎಲ್ಲ ಕಟ್ಟಿದರೂ ಅಷ್ಟಾಗಲಾರದು.

ಎರಡನೇ ಗಾಡಿ ಮುರ್ಡೇಶ್ವರ–ಬೆಂಗಳೂರು 16586. ಅದು ಮಂಗಳೂರು ಸೆಂಟ್ರಲ್, ಮೈಸೂರು ಮೇಲೆ ಹೋಗುತ್ತದೆ, ಹೊತ್ತು ಹೆಚ್ಚು. ಕುಮಟಾದಿಂದ ಮುರ್ಡೇಶ್ವರಕ್ಕೆ ಹೋಗಿ ಹತ್ತಬೇಕು. ಮೈಸೂರಿನಲ್ಲಿ ಕೆಲಸವಿದ್ದರೆ ಮಾತ್ರ ಯೋಚಿಸಿ.


ಲೆಕ್ಕದ ಪಟ್ಟಿ

ಬೆಂಗಳೂರಿನ ಲೆಕ್ಕ ಚುಟುಕಾಗಿ. ಹೊನ್ನಾವರ–ಸಾಗರ–ಶಿವಮೊಗ್ಗ–ತುಮಕೂರು ದಾರಿಯಲ್ಲಿ ಕುಮಟಾದಿಂದ ಸುಮಾರು 450–460 ಕಿ.ಮೀ. ಒಂದು ಕಡೆಗೆ 29 ಲೀಟರ್, ಮೂರು ಸಾವಿರದ ಹತ್ತಿರ. ಹೋಗಿ ಬರಲು ಆರು ಸಾವಿರ, ಟಯರು–ಸರ್ವಿಸಿಗೆ 1,400, ಮೇಲೆ ಟೋಲ್ ಮತ್ತು ದಾರಿಯ ಊಟ. ರೈಲಿನ ಸ್ಲೀಪರ್ ತಲೆಗೆ 400 ದಾಟುತ್ತದೆ, ನಾಲ್ವರು ಹೋಗಿ ಬರಲು ಮೂರೂವರೆ ಸಾವಿರದೊಳಗೆ. ತ್ರೀ ಎಸಿ ಸಾವಿರದ ಆಸುಪಾಸು, ಅಂದರೆ ಎಂಟು ಸಾವಿರದ ಸುತ್ತ. ಹೀಗಾಗಿ ನಾಲ್ವರಿಗೆ ತ್ರೀ ಎಸಿಯೂ ಕಾರೂ ಒಂದೇ ತಕ್ಕಡಿ. ಸ್ಲೀಪರ್ ಸ್ಪಷ್ಟವಾಗಿ ಅಗ್ಗ. ಬೆಂಗಳೂರಿನೊಳಗೆ ನಾಲ್ಕು ದಿನ ಆಟೋ, ಕ್ಯಾಬ್‌ನಲ್ಲಿ ತಿರುಗುವುದಿದ್ದರೆ ಅದನ್ನೂ ರೈಲಿನ ಖಾತೆಗೆ ಸೇರಿಸಿ. ಒಂದೇ ಮನೆಯಲ್ಲಿ ಉಳಿದು ಬರುವುದಾದರೆ ಬೇಡ. ಮೆಜೆಸ್ಟಿಕ್‌ನಲ್ಲಿ ಇಳಿದರೆ ಮೆಟ್ರೊ ಅಲ್ಲೇ ಇದೆ.

ಮಹಿಳೆಯರಿಗೆ ಶಕ್ತಿ ಯೋಜನೆಯಲ್ಲಿ ವಾಯವ್ಯ ಸಾರಿಗೆಯ ಸಾಮಾನ್ಯ ಬಸ್ಸು ಉಚಿತ. ಸ್ಲೀಪರ್, ರಾಜಹಂಸಕ್ಕೆ ಅದು ಅನ್ವಯಿಸುವುದಿಲ್ಲ. ರಾತ್ರಿಯಿಡೀ ಕೂತು ಹೋಗುವ ಬಸ್ಸು 66 ವರ್ಷದವರಿಗೆ ಉಚಿತವಾದರೂ ಬೇಡ.


ಸೋಂದಾ ದಾರಿ

ಇಲ್ಲಿ ಎಲ್ಲರೂ ಸ್ಟೇಶನ್ ಇರುವ ಊರಿನ ಮಾತಾಡುತ್ತಿದ್ದೀರಿ. ಶಿರಸಿ, ಸಿದ್ದಾಪುರ, ಯಲ್ಲಾಪುರದವರೂ ಇದನ್ನು ಓದುತ್ತಾರೆ, ಅವರಿಗಾಗಿ ಬರೆಯುತ್ತೇನೆ. ಘಟ್ಟದ ಮೇಲೆ ರೈಲಿಲ್ಲ. ಹುಬ್ಬಳ್ಳಿ–ಅಂಕೋಲಾ ಮಾರ್ಗ ದಶಕಗಳಿಂದ ಕಾಗದದಲ್ಲೇ ಇದೆ. ಆದ್ದರಿಂದ ನಮಗೆ ಪ್ರಶ್ನೆಯೇ ಬೇರೆ: ಯಾವ ಸ್ಟೇಶನ್ ತನಕ ರಸ್ತೆಯಲ್ಲಿ ಹೋಗಬೇಕು?

ಬೆಂಗಳೂರಿಗಾದರೆ ಶಿರಸಿಯಿಂದ ಎರಡು ದಾರಿ. ಸಿದ್ದಾಪುರದ ಮೇಲೆ ತಾಳಗುಪ್ಪ, ಸುಮಾರು 55 ಕಿ.ಮೀ. ಅಲ್ಲಿಂದ ರಾತ್ರಿ ಹೊರಡುವ ತಾಳಗುಪ್ಪ–ಮೈಸೂರು 16228 ಬೆಂಗಳೂರಿನ ಮೇಲೆಯೇ ಹೋಗುತ್ತದೆ. ತಾಳಗುಪ್ಪವೇ ಮೊದಲ ಸ್ಟೇಶನ್ ಆದ್ದರಿಂದ ಖಾಲಿ ಗಾಡಿ ನಿಂತಿರುತ್ತದೆ, ವಯಸ್ಸಾದವರನ್ನು ನಿಧಾನವಾಗಿ ಹತ್ತಿಸಬಹುದು. ಎರಡು ನಿಮಿಷದ ಗಡಿಬಿಡಿ ಇಲ್ಲ. ದೋಷವೆಂದರೆ ಬೆಂಗಳೂರು ಮುಟ್ಟುವಾಗ ಇನ್ನೂ ಬೆಳಗಿನ ಜಾವ. ಎರಡನೆಯದು ಹಾವೇರಿ, ಸುಮಾರು 75 ಕಿ.ಮೀ. ಹುಬ್ಬಳ್ಳಿ–ಬೆಂಗಳೂರು ಜೋಡಿ ಮಾರ್ಗವಾದ್ದರಿಂದ ಗಾಡಿಗಳು ಹೆಚ್ಚು, ತಡ ಕಡಿಮೆ. ಮಧ್ಯಾಹ್ನ ಹುಬ್ಬಳ್ಳಿ ಬಿಡುವ ಜನಶತಾಬ್ದಿ ಹಾವೇರಿಯಲ್ಲಿ ಸಿಗುತ್ತದೆ, ರಾತ್ರಿ ಊಟದ ಹೊತ್ತಿಗೆ ಬೆಂಗಳೂರು. ಕಾರನ್ನು ನಾಲ್ಕು ದಿನ ಸ್ಟೇಶನ್ನಿನಲ್ಲಿ ಬಿಡುವ ಯೋಚನೆ ಇದ್ದರೆ ರಾತ್ರಿಯ ಪಾರ್ಕಿಂಗ್‌ಗೆ ರಸೀದಿ ಕೊಡುತ್ತಾರೋ ಎಂದು ಮೊದಲು ಕೇಳಿ. ಕೊಡದಿದ್ದರೆ ಬಸ್ಸಿನಲ್ಲೇ ಹೋಗಿ.

ಶಿರಸಿಯಿಂದ ಮಣಿಪಾಲಕ್ಕಾದರೆ ನನ್ನ ಮಟ್ಟಿಗೆ ಪೂರ್ತಿ ಕಾರೇ ಸರಿ. ದೇವಿಮನೆ ಘಟ್ಟ ಇಳಿದು ಕುಮಟಾದಲ್ಲಿ ಬೆಳಗಿನ ಜಾವದ ರೈಲು ಹಿಡಿಯಬೇಕೆಂದರೆ ನಡುರಾತ್ರಿ ಮನೆ ಬಿಡಬೇಕು, ಕತ್ತಲಲ್ಲಿ ಘಟ್ಟ ಇಳಿಯಬೇಕು. ರೋಗಿಯನ್ನು ಹಾಗೆ ಎಬ್ಬಿಸಿ ಕರೆದೊಯ್ಯುವುದು ಬೇಡ. ಹೊರಡುವ ಹಿಂದಿನ ದಿನ ದೇವಿಮನೆ ತೆರೆದಿದೆಯೇ ಎಂದು ವಿಚಾರಿಸಿ. ರಸ್ತೆ ಅಗಲ ಮಾಡುವ ಕೆಲಸಕ್ಕೂ ಮಳೆಗಾಲದ ಕುಸಿತಕ್ಕೂ ಅದನ್ನು ಬಂದ್ ಮಾಡಿದ್ದುಂಟು. ಬಂದ್ ಇದ್ದರೆ ಸಿದ್ದಾಪುರದಿಂದ ದೊಡ್ಮನೆ ಘಟ್ಟ ಇಳಿದು ಕುಮಟಾ ಸೇರಬಹುದು. ಸಣ್ಣ ಗಾಡಿಗೆ ಮಾತ್ರ ಆ ದಾರಿ. ಇಕ್ಕಟ್ಟು, ತಿರುವು ಜಾಸ್ತಿ.

ಘಟ್ಟ ಇಳಿಯುವಾಗ ಬ್ರೇಕ್ ಒತ್ತಿಕೊಂಡೇ ಹೋಗಬೇಡಿ. ಎರಡನೇ ಗೇರಿಗೆ ಹಾಕಿ ಎಂಜಿನ್ನೇ ಹಿಡಿಯುವಂತೆ ಬಿಡಿ, ತಿರುವಿಗೆ ಮೊದಲು ಒಮ್ಮೆ ಒತ್ತಿ ಬಿಡಿ. ಒತ್ತಿಯೇ ಇಳಿದರೆ ಪ್ಯಾಡ್ ಕಾದು ಸುಟ್ಟ ವಾಸನೆ ಬರುತ್ತದೆ, ಪೆಡಲ್ ಮೆತ್ತಗಾಗುತ್ತದೆ. ಹಾಗಾದರೆ ಅಗಲವಿರುವ ಕಡೆ ನಿಲ್ಲಿಸಿ ಇಪ್ಪತ್ತು ನಿಮಿಷ ಆರಲು ಬಿಡಿ. ಚಕ್ರದ ಮೇಲೆ ನೀರು ಸುರಿಯಬಾರದು, ಕಾದ ಡಿಸ್ಕ್ ಸೊಟ್ಟಗಾಗುತ್ತದೆ.


ಕಾಳಿ ಸೇತುವೆ

ಮಳೆಗಾಲದ್ದು ನಾನು ಹೇಳುತ್ತೇನೆ, ಕಾರವಾರದ ಕಡೆಯದ್ದೂ ಸೇರಿಸಿ.

ಕೊಂಕಣ ರೈಲ್ವೆಗೆ ಮಳೆಗಾಲದ ಬೇರೆಯೇ ವೇಳಾಪಟ್ಟಿ ಇದೆ. ಮೊದಲು ಜೂನ್ 10ರಿಂದ ಅಕ್ಟೋಬರ್ 31ರ ತನಕ ಇತ್ತು, 2025ರಲ್ಲಿ ಜೂನ್ 15ರಿಂದ ಅಕ್ಟೋಬರ್ 20 ಮಾಡಿದರು. ಆಗ ವೇಗ ಇಳಿಸುತ್ತಾರೆ, ಜೋರು ಮಳೆಯಲ್ಲಿ ಮುಂದೆ ಕಾಣದಿದ್ದರೆ ಗಂಟೆಗೆ 40 ಕಿ.ಮೀ. ಮೀರಬಾರದೆಂದು ಚಾಲಕರಿಗೆ ಸೂಚನೆ. ಮತ್ಸ್ಯಗಂಧದ ಎರಡೂ ಕಡೆಯ ಸಮಯ ಬದಲಾಗುತ್ತದೆ: ಬೆಳಗಿನದು ಉಡುಪಿಗೆ ತಡವಾಗಿ ಬರುತ್ತದೆ, ಮಧ್ಯಾಹ್ನದ್ದು ಮಂಗಳೂರಿನಿಂದ ಬೇಗ ಹೊರಡುತ್ತದೆ. ಎರಡೂ ಕಡೆಯಿಂದ ಆಸ್ಪತ್ರೆಯ ಹೊತ್ತು ಕತ್ತರಿಸಿ ಹೋಗುತ್ತದೆ. ಬೇಸಿಗೆಯಲ್ಲಿ ಹೊಂದಿದ ಜೋಡಿ ಮಳೆಗಾಲದಲ್ಲಿ ಹೊಂದುವುದಿಲ್ಲ. ಆ ನಾಲ್ಕು ತಿಂಗಳು ಹೋಗುವಾಗ ರೈಲು, ಬರುವಾಗ ಉಡುಪಿಯಿಂದ ಬಸ್ಸು ಎಂದು ಮಾಡಿಕೊಳ್ಳಿ, ಅಥವಾ ಕಾರು.

ಕಾರೆಂದರೆ ಹೆದ್ದಾರಿ 66. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯನ್ನೂ ಜನರನ್ನೂ ಗಂಗಾವಳಿಗೆ ತಳ್ಳಿದ್ದನ್ನು ಈ ಜಿಲ್ಲೆಯಲ್ಲಿ ಯಾರೂ ಮರೆತಿಲ್ಲ. (ಮೇಲೆ ಟೋಲ್ ಎಂದು ಬಂದ ಶಿರೂರು ಬೈಂದೂರಿನ ಹತ್ತಿರದ್ದು, ಹೆಸರು ಒಂದೇ, ಊರು ಬೇರೆ.) ಮರುತಿಂಗಳು ಆಗಸ್ಟ್ 6–7ರ ನಡುರಾತ್ರಿ ಕಾಳಿ ನದಿಯ ಹಳೇ ಸೇತುವೆ ಬಿತ್ತು. ಗುಡ್ಡವನ್ನು ನೆಟ್ಟಗೆ ಕಡಿದ ಕಡೆ ಮಳೆಯಲ್ಲಿ ಗಾಡಿ ನಿಲ್ಲಿಸಬೇಡಿ, ಫೋನ್ ಬಂತೆಂದು ಬದಿಗೆ ಹಾಕಬೇಡಿ, ಚಹಾಕ್ಕೂ ಬೇಡ. ಬಯಲಿರುವ ಊರು ಬರುವ ತನಕ ತಡೆಯಿರಿ. ಜಿಲ್ಲಾಡಳಿತ ರೆಡ್ ಅಲರ್ಟ್ ಎಂದು ಶಾಲೆಗೆ ರಜೆ ಕೊಟ್ಟ ದಿನ ಅಪಾಯಿಂಟ್‌ಮೆಂಟನ್ನೇ ಮುಂದೆ ಹಾಕುವುದು ಸರಿ. ಅಂಥ ದಿನ ಹಳಿಯ ಮೇಲೂ ಮಣ್ಣು ಬೀಳಬಹುದು. ವ್ಯತ್ಯಾಸ ಏನೆಂದರೆ ಹಳಿಗೆ ಗಸ್ತಿನವರು ಇರುತ್ತಾರೆ, ಗಾಡಿ ಹಿಂದಿನ ಸ್ಟೇಶನ್ನಿನಲ್ಲೇ ನಿಲ್ಲುತ್ತದೆ. ರಸ್ತೆಯಲ್ಲಿ ನಿಮ್ಮನ್ನು ತಡೆಯಲು ಯಾರೂ ಇರುವುದಿಲ್ಲ.

ಪಂಚಗಂಗಾದ ಸಕಲೇಶಪುರ ಘಟ್ಟವೂ ಜುಲೈ–ಆಗಸ್ಟ್‌ನಲ್ಲಿ ಕೈಕೊಡುತ್ತದೆ. ಕುಸಿತವಾದರೆ ಗಾಡಿಯನ್ನು ರದ್ದು ಮಾಡುತ್ತಾರೆ, ಇಲ್ಲವೇ ಬೇರೆ ದಾರಿಯಲ್ಲಿ ತಿರುಗಿಸುತ್ತಾರೆ. ರೈಲ್ವೆಯೇ ರದ್ದು ಮಾಡಿದರೆ ಪೂರ್ತಿ ಹಣ ವಾಪಸ್. ಆ ತಿಂಗಳಲ್ಲಿ ಮದುವೆ, ಪರೀಕ್ಷೆ, ಕೋರ್ಟಿನ ತಾರೀಖಿನಂಥ ತಪ್ಪಿಸಲಾಗದ ಕೆಲಸವಿದ್ದರೆ ಒಂದು ದಿನ ಮೊದಲೇ ಹೊರಡಿ.

ಕಾರವಾರದವರಿಗೆ: ಸ್ಟೇಶನ್ ಶಿರವಾಡದಲ್ಲಿ, ಪೇಟೆಯಿಂದ ದೂರ. ಬೆಳಗಿನ ಜಾವದ ಗಾಡಿಗೆ ಆಟೋವನ್ನು ಹಿಂದಿನ ದಿನವೇ ಮಾತಾಡಿಡಿ. ಮಡಗಾಂವ್‌ಗೆ ರೈಲೇ ಮೇಲು, ಸುಮಾರು ಒಂದು ತಾಸು. ಹುಬ್ಬಳ್ಳಿಗೆ ರೈಲಿನ ಯೋಚನೆಯೇ ಬೇಡ. ಮಡಗಾಂವ್‌ಗೆ ಹೋಗಿ ಗಾಡಿ ಬದಲಿಸಿ, ಕ್ಯಾಸಲ್‌ರಾಕ್ ಘಟ್ಟ ಹತ್ತಿ, ಲೋಂಡಾ ಮೇಲೆ ಸುತ್ತಬೇಕು. ಅಂಕೋಲಾ–ಅರಬೈಲ್ ಘಟ್ಟ–ಯಲ್ಲಾಪುರ ದಾರಿಯಲ್ಲಿ ಬಸ್ಸು ಅಷ್ಟರಲ್ಲಿ ಹುಬ್ಬಳ್ಳಿ ಮುಟ್ಟಿರುತ್ತದೆ. ಗೋಕರ್ಣಕ್ಕೆ ನೆಂಟರು ಬರುವುದಿದ್ದರೆ ಹೇಳಿಡಿ: ಗೋಕರ್ಣ ರೋಡ್ ಸ್ಟೇಶನ್ ಊರಿನಿಂದ ಸುಮಾರು ಹತ್ತು ಕಿ.ಮೀ. ದೂರದಲ್ಲಿದೆ, ರಾತ್ರಿ ಇಳಿದರೆ ಆಟೋ ಕಷ್ಟ.


ಅಘನಾಶಿನಿ ದಂಡೆ

ಎಲ್ಲರಿಗೂ ಕೃತಜ್ಞತೆ. ಹೀಗೆ ಮಾಡುತ್ತೇವೆ: ನವೆಂಬರ್‌ನಿಂದ ಮೇ ತನಕ ಅಪ್ಪ ಮತ್ತು ನಾನು ಮತ್ಸ್ಯಗಂಧ, ಜೂನ್‌ನಿಂದ ಅಕ್ಟೋಬರ್ ಕಾರು. ಬೆಂಗಳೂರಿಗೆ ಪಂಚಗಂಗಾ, ಅಪ್ಪ–ಆಯಿಗೆ ಬೇರೆ ಟಿಕೆಟ್. ಒಂದೇ ಸಂಶಯ. ಮಣಿಪಾಲದಲ್ಲಿ ತಡವಾಗಿ 12619 ತಪ್ಪಿದರೆ?


ಕೊಂಕಣ ಹಳಿ

ಉಡುಪಿಯಿಂದ ಭಟ್ಕಳ, ಕುಮಟಾ ಕಡೆಗೆ ಹೆದ್ದಾರಿಯಲ್ಲಿ ಬಸ್ಸು ಸಿಗುತ್ತವೆ. ನೇರ ಕುಮಟಾ ಬಸ್ಸು ಇಲ್ಲದಿದ್ದರೆ ಕುಂದಾಪುರಕ್ಕೆ, ಅಲ್ಲಿಂದ ಭಟ್ಕಳಕ್ಕೆ, ಹೀಗೆ ತುಂಡು ತುಂಡಾಗಿ ಬನ್ನಿ. ಅಪ್ಪನಿಗೆ ಅದು ಆಗದೆಂದರೆ ಸಂಜೆಯಿಂದ ರಾತ್ರಿಯವರೆಗೆ ಉತ್ತರಕ್ಕೆ ಹೋಗುವ ಯಾವ ಗಾಡಿಗೆ ಕುಮಟಾದಲ್ಲಿ ಸ್ಟಾಪ್ ಇದೆ ಎಂದು ಆ ದಿನದ ಪಟ್ಟಿಯಲ್ಲಿ ನೋಡಿ. ವಾರಕ್ಕೆ ಒಂದೆರಡು ಸಲ ಮಾತ್ರ ಓಡುವವು ಹಲವು ಇವೆ, ಹಾಗಾಗಿ ದಿನ ನೋಡದೆ ಹೋಗಬೇಡಿ. ಮೊದಲ ಅಪಾಯಿಂಟ್‌ಮೆಂಟನ್ನು ಬುಧವಾರವೋ ಗುರುವಾರವೋ ಇಟ್ಟುಕೊಳ್ಳಿ. ಸೋಮವಾರ ಆಸ್ಪತ್ರೆಗಳಲ್ಲಿ ಜನ ಹೆಚ್ಚು, ಅವತ್ತು ಮಧ್ಯಾಹ್ನದ ಗಾಡಿ ಹಿಡಿಯುವುದು ಕಷ್ಟ.